ಕೊಟ್ಟಿಗೆ ಊರ ಚಾವಡಿಯಾಗುವ ಬಗೆ

ಕೊಲ್ಹಾಪುರ ಜಿಲ್ಲೆಯ ಹಳೆಯ ಒಕ್ಕಲು ಮನೆತನಗಳ ಕೊಟ್ಟಿಗೆ ಒಂದೇ ಸೂರಿನಡಿ ಹಲವು ಕೆಲಸ ನಡೆಸಿದ ಕಟ್ಟಡ. ಗೋಡೆಗುಂಟ ಗೋದಲಿ, ಅದರ ಮುಂದೆ ಎತ್ತು ಎಮ್ಮೆಗಳ ಸಾಲು, ತಲೆಯ ಮೇಲಿನ ಅಟ್ಟದಲ್ಲಿ ಕಣಿಕೆ ಮತ್ತು ಹೊಟ್ಟು, ಮೂಲೆಯಲ್ಲಿ ಕೂರಿಗೆ, ಕುಂಟೆ, ನೊಗ, ಮಿಣಿ. ಕೆಲವು ಕಡೆ ನೆಲದಡಿಯಲ್ಲಿ ಜೋಳ ತುಂಬಿಡುವ ಹಗೇವೂ ಇರುತ್ತಿತ್ತು. ಗಡಹಿಂಗ್ಲಜ ತಾಲ್ಲೂಕಿನ ಹಲಕರ್ಣಿ, ನೂಲ, ಬಸರ್ಗೆಗಳಂಥ ಕನ್ನಡ ಮನೆಮಾತಿನ ಊರುಗಳ ಸೀಮೆಯಿಂದ ಇಚಲಕರಂಜಿಯ ಸುತ್ತಲಿನ ಪಂಚಗಂಗಾ ತೀರದವರೆಗೆ ಇಂಥ ಕಟ್ಟಡಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ಹಲವಕ್ಕೆ ಬೀಗ ಬಿದ್ದಿದೆ, ಹಲವು ಒಡೆದ ಟ್ಯಾಂಕು, ಹಳೆಯ ತಗಡು, ಕೆಟ್ಟ ಪಂಪುಗಳ ದಾಸ್ತಾನಾಗಿವೆ. ಇವುಗಳಲ್ಲಿ ಗಟ್ಟಿಯಾದದ್ದನ್ನು ಆರಿಸಿ ದುರಸ್ತಿ ಮಾಡಿದರೆ ಊರಿಗೊಂದು ವಾಚನಾಲಯ, ಮಹಿಳೆಯರ ಉಳಿತಾಯ ಗುಂಪುಗಳಾದ ಬಚತ್ ಗಟಗಳು ಕೂಡುವ ಜಾಗ, ಭಜನಿ ಮಂಡಳಿಯ ಪಡಸಾಲೆ, ನಾಟಿ ಬೀಜ ಕಾಪಿಡುವ ಮನೆ ಸಿಗುತ್ತದೆ. ಗೌಂಡಿಯನ್ನು ಕರೆಯುವ ಮುನ್ನ ಎರಡು ಸಂಗತಿ ತಿಳಿದಿರಬೇಕು: ಆ ಕಟ್ಟಡದಲ್ಲಿ ನೀರು ಯಾವ ದಾರಿಯಲ್ಲಿ ಓಡಾಡುತ್ತದೆ, ಮತ್ತು ಕಟ್ಟಡ ಯಾರಿಗೆ ಸೇರಿದ್ದು. ಮಿಕ್ಕ ಕೆಲಸವೆಲ್ಲ ಈ ಎರಡರ ಹಿಂದೆ ಬರುತ್ತದೆ.

ಕೊಟ್ಟಿಗೆಗಳು ಬರಿದಾದದ್ದು ಬೇಸಾಯ ಬದಲಾದ್ದರಿಂದ. ಟ್ರ್ಯಾಕ್ಟರು ಬಂದಂತೆ ಎತ್ತಿನ ಜೋಡಿಗಳು ಕಡಿಮೆಯಾದವು. ನೀರಾವರಿಯ ಬೆನ್ನಿಗೆ ಕಬ್ಬು ಹರಡಿದಂತೆ ಜೋಳದ ಹೊಲ ಕುಗ್ಗಿತು, ಅದರೊಡನೆ ಕಣ, ಬಣವೆ, ಹಗೇವುಗಳೂ ಹಿಂದೆ ಸರಿದವು. 1963ರಲ್ಲಿ ಶುರುವಾದ ಜಿಲ್ಲಾ ಹಾಲು ಸಂಘ, ಜನ ಗೋಕುಳ ಎಂದು ಕರೆಯುವುದು, ಹೈನುಗಾರಿಕೆಯನ್ನು ಊರೂರಿಗೆ ಒಯ್ದಿತು; ಹೈನಿನ ದನಗಳಿಗೆ ಗಾಳಿ ಬೆಳಕು ಹೆಚ್ಚು ಬೇಕೆಂದು ತಗಡಿನ ಹೊಸ ಶೆಡ್ಡುಗಳು ಎದ್ದವು. ಆಲೆಮನೆಗಳೂ ಇದೇ ಹಾದಿ ಹಿಡಿದಿವೆ. 1895ರಲ್ಲಿ ಅರಸರಾದ ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ಶಾಹುಪುರಿ ಪೇಟೆಯನ್ನು ನೆಲೆಗೊಳಿಸಿದ ಮೇಲೆ ಈ ಸೀಮೆಯ ಬೆಲ್ಲ ದೂರದ ಮಾರುಕಟ್ಟೆಗಳಿಗೆ ಹೋಯಿತು, 2014ರಲ್ಲಿ ಕೊಲ್ಹಾಪುರದ ಬೆಲ್ಲಕ್ಕೆ ಭೌಗೋಳಿಕ ಗುರುತೂ ದೊರೆಯಿತು. ಆದರೂ ಕಬ್ಬು ಹೆಚ್ಚಾಗಿ ಸಕ್ಕರೆ ಕಾರ್ಖಾನೆಗಳ ಪಾಲಾಯಿತು. ಪಾಕದ ಹದ ನೋಡಿ ಕೊಪ್ಪರಿಗೆ ಇಳಿಸುವ ಗುಳವ್ಯಾ ಸಿಗುವುದು ಕಷ್ಟವಾದಂತೆ ಒಲೆ ಆರಿದ ಆಲೆಮನೆಗಳು ಹೊಲದ ನಡುವೆ ಉಳಿದುಕೊಂಡವು.

ರೈತರ ಕಟ್ಟಡಗಳು ಹೀಗೆ ಬರಿದಾದರೂ ಅರಸರ ಉಗ್ರಾಣಕ್ಕೆ ರಕ್ಷಣೆ ಸಿಕ್ಕಿದೆ. ಪನ್ಹಾಳಾ ಕೋಟೆಯ ಅಂಬರಖಾನೆಯಲ್ಲಿ ಗಂಗಾ, ಯಮುನಾ, ಸರಸ್ವತಿ ಎಂಬ ಮೂರು ಕಣಜಗಳು ದಪ್ಪ ಕಲ್ಲುಗೋಡೆ, ಕಮಾನು ಛಾವಣಿ, ಮೇಲಿನಿಂದ ಧಾನ್ಯ ಸುರಿಯುವ ಕಿಂಡಿಗಳೊಡನೆ ಇಂದಿಗೂ ನಿಂತಿವೆ. 2025ರಲ್ಲಿ ಪನ್ಹಾಳಾ ಮರಾಠಾ ಕೋಟೆಗಳ ಗುಂಪಿನೊಡನೆ ಯುನೆಸ್ಕೊ ಪಟ್ಟಿಗೂ ಸೇರಿತು. ಕಣೇರಿ ಮಠದ ಸಿದ್ಧಗಿರಿ ವಸ್ತುಸಂಗ್ರಹಾಲಯದಲ್ಲಿ ಹಳೆಯ ಗ್ರಾಮಜೀವನದ ಕಸುಬುಗಳನ್ನು ಆಳೆತ್ತರದ ಪ್ರತಿಮೆಗಳಲ್ಲಿ ತೋರಿಸಿದ್ದಾರೆ. ರೈತನ ಕೊಟ್ಟಿಗೆಗೆ ಇಂಥ ಯಾವ ಆಸರೆಯೂ ಇಲ್ಲ. ಅದು ಉಳಿಯುವುದಾದರೆ ದಿನನಿತ್ಯದ ಬಳಕೆಯಿಂದಲೇ ಉಳಿಯಬೇಕು.

ಒಡೆತನದ ಗಂಟು

ಗಾಂವಠಾಣದೊಳಗಿನ, ಅಂದರೆ ಊರಿನ ವಸತಿ ಜಾಗದೊಳಗಿನ, ಕೊಟ್ಟಿಗೆಗೂ ಹೊಲದೊಳಗಿನದಕ್ಕೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿದೆ. ಗಾಂವಠಾಣದ ಆಸ್ತಿ ಗ್ರಾಮಪಂಚಾಯತಿಯ ದಾಖಲೆಯಲ್ಲಿ, ಭೂಮಾಪನ ಆಗಿದ್ದರೆ ಪ್ರಾಪರ್ಟಿ ಕಾರ್ಡಿನಲ್ಲಿ ಇರುತ್ತದೆ. ಹೊಲದಲ್ಲಿರುವುದಕ್ಕೆ ಸಾತಬಾರಾ ಉತಾರಾ ಎಂಬ ಜಮೀನಿನ ದಾಖಲೆ ನೋಡಬೇಕು. 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ ಪ್ರಕಾರ ಸಾಗುವಳಿ ಭೂಮಿಯಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡ ಇರಬಹುದು. ಅದನ್ನು ಸಭಾಮಂದಿರ ಮಾಡುವುದು ಬೇಸಾಯೇತರ ಬಳಕೆಯಾಗುತ್ತದೆ, ಅದಕ್ಕೆ ಯಾವ ಪರವಾನಗಿ ಬೇಕೆಂದು ಮೊದಲೇ ವಿಚಾರಿಸಬೇಕು. ಈ ಹೆಜ್ಜೆಯನ್ನು ಮರೆತು ಚಂದಾ ಎತ್ತಿ ಕಟ್ಟಿದ ಕಟ್ಟಡ ಮುಂದೆ ಯಾರೋ ಒಬ್ಬರ ತಕರಾರು ಅರ್ಜಿಯಿಂದ ಮುಚ್ಚಿಹೋಗಬಹುದು.

ಇನ್ನೂ ಕಠಿಣವಾದದ್ದು ಪಾಲುದಾರರ ಪ್ರಶ್ನೆ. ಅಜ್ಜನ ಹೆಸರಿನಲ್ಲಿದ್ದ ಕೊಟ್ಟಿಗೆಗೆ ಇಂದು ಅಣ್ಣತಮ್ಮಂದಿರ ಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಪುಣೆ ಮುಂಬಯಿ ಸೇರಿದವರು ಎಲ್ಲರೂ ವಾರಸುದಾರರು. ಊರಲ್ಲಿರುವ ಹಿರಿಯ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಪ್ರತಿಯೊಬ್ಬರ ಸಹಿ ಬೇಕು. ಆಸ್ತಿಯನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸಿಲ್ಲದ ಕುಟುಂಬ ದೀರ್ಘಾವಧಿಯ ಲೀಜು ಬರೆದುಕೊಡಬಹುದು. ಒಂದು ವರ್ಷಕ್ಕಿಂತ ಹೆಚ್ಚಿನ ಲೀಜನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಪಡೆಯುವ ಕಡೆಯಲ್ಲೂ ಹೆಸರಿರುವ ಸಂಸ್ಥೆ ಬೇಕು: ಗ್ರಾಮಪಂಚಾಯತಿ, ಇಲ್ಲವೇ 1860ರ ಸಂಘಗಳ ಕಾಯ್ದೆ ಮತ್ತು 1950ರ ಸಾರ್ವಜನಿಕ ನ್ಯಾಸ ಕಾಯ್ದೆಯಡಿ ನೋಂದಾಯಿತ ಮಂಡಳಿ. ವಾಚನಾಲಯ ನಡೆಸುವ ಉದ್ದೇಶವಿದ್ದರೆ ಮಹಾರಾಷ್ಟ್ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ (1967) ಮಾನ್ಯತೆ, ಅದರ ವರ್ಗಾನುಸಾರ ಅನುದಾನದ ದಾರಿ ತೆರೆಯುತ್ತದೆ. ಈ ಸೀಮೆಗೆ ಓದುಮನೆ ಹೊಸದಲ್ಲ; ಕೊಲ್ಹಾಪುರದ ಕರವೀರ ನಗರ ವಾಚನ ಮಂದಿರ 1850ರದು.

ಕುಟುಂಬದವರೇ ಒಡೆಯರಾಗಿ ಉಳಿದು ಊರಿಗೆ ಬಾಗಿಲು ತೆರೆಯುವ ಇನ್ನೊಂದು ಬಗೆಯೂ ಇದೆ. ಹತ್ತಿರದ ಸಾತಾರಾ ಜಿಲ್ಲೆಯ ಭಿಲಾರದಲ್ಲಿ 2017ರ ಮೇ 4ರಂದು ಶುರುವಾದ ಪುಸ್ತಕಗಳ ಊರು ಹೀಗೆ ನಡೆಯುತ್ತದೆ. ಸರಕಾರ ಪುಸ್ತಕ, ಕಪಾಟು, ಕುರ್ಚಿ ಕೊಟ್ಟಿತು. ಜನ ತಮ್ಮ ಮನೆಯ ಪಡಸಾಲೆ, ಕೋಣೆಗಳನ್ನು ಓದುಗರಿಗೆ ಬಿಟ್ಟರು. ಶಾಲೆ, ಗುಡಿಗಳೂ ಸೇರಿಕೊಂಡವು. ಕಟ್ಟಡ ಕೈಬದಲಾಯಿಸದೆ ಬಳಕೆಯಷ್ಟೇ ಸಾರ್ವಜನಿಕವಾಯಿತು. ಪಾಲುದಾರರು ಹೆಚ್ಚಿರುವ ಗಡಿನಾಡ ಮನೆತನಗಳಿಗೆ ಈ ದಾರಿ ಹೆಚ್ಚು ಒಗ್ಗುವಂಥದ್ದು.

ಗೋಡೆ

ಕೊಲ್ಹಾಪುರ ಜಿಲ್ಲೆಯಷ್ಟು ಮಳೆಯ ಅಂತರ ಕಡಿಮೆ ಜಾಗದಲ್ಲಿ ಕಾಣಸಿಗುವುದು ಅಪರೂಪ. ಪಶ್ಚಿಮದ ಗಗನಬಾವಡಾದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿದರೆ, ಪೂರ್ವದ ಶಿರೋಳದಲ್ಲಿ ಸುಮಾರು 500 ಮಾತ್ರ. ಹೀಗಾಗಿ ಆಜರಾ, ಚಂದಗಡದ ಕಡೆ ಜಂಬಿಟ್ಟಿಗೆಯ ಗೋಡೆ, ಕಡಿದಾದ ಹೆಂಚಿನ ಮಾಡು. ಪೂರ್ವಕ್ಕೆ ಸರಿದಂತೆ ಕರಿಕಲ್ಲು ಇಲ್ಲವೇ ಮಣ್ಣಿನ ಗೋಡೆ, ಕೆಲವೆಡೆ ಮಣ್ಣಿನ ಮಾಳಿಗೆ. ಗಡಹಿಂಗ್ಲಜ ಇವೆರಡರ ನಡುವೆ ಬರುತ್ತದೆ. ಅಲ್ಲಿ ಎರಡೂ ಬಗೆಯ ಕಟ್ಟಡಕ್ಕೆ ಎಡೆಯಿದೆ. ಒಂದು ಊರಿನ ದುರಸ್ತಿಯನ್ನು ಇನ್ನೊಂದು ಊರಿನಲ್ಲಿ ನಕಲು ಮಾಡಿದರೆ ಕೆಡುವುದು ಇದರಿಂದಲೇ.

ಹಳೆಯ ಕಲ್ಲುಗೋಡೆ ನೋಡಲು ಒಂದೇ ಎನಿಸಿದರೂ ಹಲವು ಸಲ ಅದರೊಳಗೆ ಎರಡು ಗೋಡೆಗಳಿರುತ್ತವೆ. ಒಳಮೈಗೊಂದು, ಹೊರಮೈಗೊಂದು ಸಾಲು ಕಲ್ಲು ಕಟ್ಟಿ ನಡುವೆ ಮಣ್ಣು, ಜಲ್ಲಿ ತುಂಬುವುದು ಪದ್ಧತಿ. ಎರಡೂ ಮೈಗಳನ್ನು ಹಿಡಿದಿಡಲು ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದನೆಯ ಕಲ್ಲು ಇಟ್ಟಿರಬೇಕು. ಇಡದಿದ್ದರೆ ನಡುವಿನ ಮಣ್ಣಿಗೆ ನೀರಿಳಿದು ಹೊರಮೈ ಹೊಟ್ಟೆ ಬಿಡುತ್ತದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳ ಸಾವಿರಾರು ಜನ ಸತ್ತದ್ದು ಬಹುಪಾಲು ಇಂಥ ಗೋಡೆಗಳು ಸೀಳಿ, ಮೇಲಿನ ಭಾರದ ಮಣ್ಣಿನ ಮಾಳಿಗೆ ಕುಸಿದಾಗ. ಕೊಲ್ಹಾಪುರಕ್ಕೂ ಭೂಕಂಪ ದೂರದ ಮಾತಲ್ಲ, 1967ರ ಡಿಸೆಂಬರ್ 11ರ ಕೊಯ್ನಾ ಕಂಪನ ಉತ್ತರಕ್ಕೆ ಹತ್ತಿರದ ಸಾತಾರಾ ಜಿಲ್ಲೆಯಲ್ಲೇ ಆಯಿತು. ಜನ ಒಟ್ಟಿಗೆ ಸೇರುವ ಕಟ್ಟಡದಲ್ಲಿ ಈ ದೋಷವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕಿಲ್ಲಾರಿಯ ನಂತರ ಬಳಕೆಗೆ ಬಂದ ಮದ್ದು ಸರಳವಾದದ್ದು: ಗೋಡೆಯಲ್ಲಿ ಅಲ್ಲಲ್ಲಿ ಒಂದೊಂದು ಕಲ್ಲು ಬಿಚ್ಚಿ, ಆಚೆಯ ಮೈವರೆಗೆ ಮೆಲ್ಲಗೆ ತೂತು ತೆಗೆದು, ಕಬ್ಬಿಣದ ಸಲಾಕೆಯಿಟ್ಟು ಕಾಂಕ್ರೀಟು ತುಂಬುವುದು. ಗೋಡೆಯ ನೆತ್ತಿಯಲ್ಲಿ ನಾಲ್ಕೂ ಸುತ್ತ ಮರದ ಅಥವಾ ಕಾಂಕ್ರೀಟಿನ ಪಟ್ಟಿ ಕಟ್ಟಿ, ಮೂಲೆಗಳನ್ನು ಬಿಗಿದರೆ ಗೋಡೆಗಳು ಬೇರೆ ಬೇರೆಯಾಗಿ ವಾಲುವುದಿಲ್ಲ.

ಬಿರುಕುಗಳನ್ನು ಕಂಡೊಡನೆ ಮುಚ್ಚಬಾರದು. ನದಿ ಬಯಲಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಗೋಡೆಯೂ ಅದರೊಡನೆ ಏರಿಳಿಯುತ್ತದೆ. ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಚಿಕ್ಕ ಪಟ್ಟಿ ಅಂಟಿಸಿ ದಿನಾಂಕ ಬರೆದು ಒಂದು ಮಳೆಗಾಲ, ಒಂದು ಬೇಸಿಗೆ ಕಾಯಬೇಕು. ಗಾಜು ಒಡೆಯದಿದ್ದರೆ ಅದು ಹಳೆಯ ಗಾಯ, ತುಂಬಿದರೆ ಸಾಕು. ಒಡೆದರೆ ಬುನಾದಿ ಇನ್ನೂ ಅಲುಗುತ್ತಿದೆ ಎಂದರ್ಥ. ಆಗ ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಕಾಲುವೆ ತೋಡಿ ದೂರ ಸಾಗಿಸುವುದು, ಗೋಡೆಗುಂಟ ಹೊರಗೆ ಇಳಿಜಾರಾದ ಕಲ್ಲುಹಾಸು ಹಾಕುವುದು ಮೊದಲ ಚಿಕಿತ್ಸೆ. ಹೆಚ್ಚಿನ ಕೊಟ್ಟಿಗೆಗಳಿಗೆ ಬುನಾದಿ ಅಗೆಯುವುದಕ್ಕಿಂತ ಈ ಕಾಲುವೆಯೇ ಹೆಚ್ಚು ಬೇಕಾದದ್ದು.

ದುರಸ್ತಿಯ ಹೆಸರಿನಲ್ಲಿ ಆಗುವ ದೊಡ್ಡ ಹಾನಿ ಸಿಮೆಂಟು ಗಿಲಾಯಿಯಿಂದ. ಮಣ್ಣು ಮತ್ತು ಗಾರೆಯ ಗೋಡೆ ನೆಲದಿಂದ ತೇವ ಹೀರಿ ಮೈಯಿಂದ ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇನ್ನೂ ಮೇಲಕ್ಕೆ ಏರುತ್ತದೆ, ತೊಲೆಯ ತುದಿಗಳನ್ನು ಮುಟ್ಟಿ ಕೊಳೆಸುತ್ತದೆ. ಹೊರಗಿನಿಂದ ಗೋಡೆ ಅಚ್ಚುಕಟ್ಟಾಗಿ ಕಾಣುತ್ತಿರುವಾಗಲೇ ಒಳಗೆ ಮಣ್ಣು ಸಡಿಲಗೊಳ್ಳುತ್ತಿರುತ್ತದೆ. ಸುಟ್ಟ ಸುಣ್ಣವನ್ನು ಅರಳಿಸಿ, ಹಲವು ವಾರ ನೀರಲ್ಲೇ ಇಟ್ಟು, ಒಂದು ಪಾಲಿಗೆ ಸುಮಾರು ಮೂರು ಪಾಲು ಮರಳು ಕೂಡಿಸಿದ ಗಾರೆಯೇ ಇಲ್ಲಿಗೆ ಸರಿ. ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುವ ಹಳೆಯ ಕ್ರಮಕ್ಕೆ ಬೆಲ್ಲದ ಸೀಮೆಯಲ್ಲಿ ಸಾಮಗ್ರಿಯ ಕೊರತೆಯಿಲ್ಲ.

ಕೊಟ್ಟಿಗೆಗೆ ಮಾತ್ರ ಸೇರಿದ ಒಂದು ರೋಗವಿದೆ. ದನದ ಗಂಜಲ ವರ್ಷಾನುಗಟ್ಟಲೆ ನೆಲಕ್ಕೂ ಗೋಡೆಯ ಬುಡಕ್ಕೂ ಇಂಗಿ, ಅದರಿಂದ ಪೆಟ್ಲುಪ್ಪಿನ ಜಾತಿಯ ಲವಣಗಳು ಹುಟ್ಟುತ್ತವೆ. ಹಿಂದೆ ಇಂಥ ಮಣ್ಣನ್ನು ಕುದಿಸಿ ಮದ್ದುಗುಂಡಿಗೆ ಬೇಕಾದ ಉಪ್ಪು ತೆಗೆಯುತ್ತಿದ್ದರು. ಈ ಲವಣ ಗಾಳಿಯ ತೇವವನ್ನು ಎಳೆದುಕೊಂಡು ಕರಗುತ್ತದೆ, ಒಣಗಿದಾಗ ಹರಳುಗಟ್ಟಿ ಗಿಲಾಯಿಯನ್ನು ಒಳಗಿನಿಂದ ತಳ್ಳುತ್ತದೆ. ಹೊಸ ಬಣ್ಣ ಒಂದೇ ಮಳೆಗಾಲಕ್ಕೆ ಪದರುಪದರಾಗಿ ಉದುರುವುದು ಇದರಿಂದ. ಹಾಗಾಗಿ ಗೋದಲಿಯ ಹಿಂದಿನ ಗೋಡೆಗೆ ಮೊದಲು ಬಡ ಗಾರೆಯ ಲೇಪ ಹಚ್ಚಿ, ಒಂದು ಋತು ಅದು ಉಪ್ಪನ್ನು ಹೀರಲು ಬಿಟ್ಟು, ಕಿತ್ತೆಸೆದು, ಬೇಕಾದರೆ ಮತ್ತೊಮ್ಮೆ ಹಾಗೆಯೇ ಮಾಡಿ, ಕೊನೆಗೆ ಪಕ್ಕಾ ಗಿಲಾಯಿ ಮಾಡಬೇಕು. ನೆಲದ ಮೇಲ್ಮಣ್ಣನ್ನೂ ತೆಗೆದು ಹೊಲಕ್ಕೆ ಸಾಗಿಸುವುದು ಲೇಸು, ಬೆಳೆಗೆ ಅದು ಗೊಬ್ಬರ.

ಮಾಡು ಮತ್ತು ಮರ

1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ಘಟ್ಟದ ಮೇಲಿನ ಊರುಗಳಿಗೂ ಬಂತು. ಅದಕ್ಕೂ ಮುಂಚಿನ ಕುಂಬಾರರ ನಾಡಹೆಂಚು ಕೆಲವು ಕೊಟ್ಟಿಗೆಗಳಲ್ಲಿ ಈಗಲೂ ಇರುವುದುಂಟು. ಮಂಗಳೂರು ಹೆಂಚು 100 ಚದರಡಿಗೆ ಸುಮಾರು 150 ಬೇಕಾಗುತ್ತದೆ, ಒಂದೊಂದು ಎರಡರಿಂದ ಎರಡೂವರೆ ಕಿಲೋ ತೂಗುತ್ತದೆ. ಸಾವಿರ ಚದರಡಿಯ ಮಾಡಿನ ಮೇಲೆ ಮೂರೂವರೆ ಟನ್ನಿನ ಆಸುಪಾಸು ಭಾರ. ಈ ಭಾರ ಗಾಳಿಗೆ ಮಾಡು ಹಾರದಂತೆ ಹಿಡಿಯುತ್ತದೆ. ಹೆಂಚು ತೆಗೆದು ತಗಡು ಹೊದಿಸಿದರೆ ಮಾಡು ಹಗುರಾಗುತ್ತದೆ, ಮೇ ತಿಂಗಳಲ್ಲಿ ಒಳಗೆ ಕೂರಲಾಗದಷ್ಟು ಕಾಯುತ್ತದೆ, ಮಳೆ ಬಂದಾಗ ಭಜನೆಯಾಗಲಿ ಪಾಠವಾಗಲಿ ಕೇಳಿಸುವುದಿಲ್ಲ. ಒಡೆದ ಹೆಂಚನ್ನಷ್ಟೇ ಬದಲಿಸಿ ಕೆಳಗಿನ ರೀಪು ಸರಿಪಡಿಸುವುದು ಕಡಿಮೆ ಖರ್ಚಿನ ದಾರಿಯೂ ಹೌದು.

ತೊಲೆ ಕಂಬಗಳು ಸಾಗವಾನಿ, ಮತ್ತಿ, ಹೊನ್ನೆ, ಬೇವಿನವು. ಕೊಳೆಯುವುದು ಬಹುತೇಕ ಎರಡೇ ಕಡೆ: ಕಂಬದ ಬುಡದಲ್ಲಿ, ಮತ್ತು ಗೋಡೆಯೊಳಗೆ ಹೊಕ್ಕ ತೊಲೆಯ ತುದಿಯಲ್ಲಿ. ಉಳಿಯ ಮೊನೆಯಿಂದ ಚುಚ್ಚಿ, ಬಡಿದು ಸದ್ದು ಕೇಳಿದರೆ ಅನುಭವಿ ಬಡಿಗನಿಗೆ ಎಲ್ಲಿಯವರೆಗೆ ಕೆಟ್ಟಿದೆ ಎಂಬುದು ತಿಳಿಯುತ್ತದೆ. ಕೆಟ್ಟ ತುದಿಯನ್ನಷ್ಟೇ ಕೊಯ್ದು, ಅದೇ ಜಾತಿಯ ಒಣಮರದ ತುಂಡನ್ನು ಓರೆಯಾಗಿ ಬೆಸೆದು ಬೋಲ್ಟು ಹಾಕಿದರೆ ಉಳಿದ ಮರ ಇನ್ನೂ ಬಾಳುತ್ತದೆ. ಕಂಬದ ಬುಡವನ್ನು ಎಂದೂ ಕಾಂಕ್ರೀಟಿನಲ್ಲಿ ಹೂಳಬಾರದು. ನೆಲಮಟ್ಟಕ್ಕಿಂತ ಮೇಲಿರುವ ಅಡಿಗಲ್ಲಿನ ಮೇಲೆ ಅದು ನಿಂತಿದ್ದರೆ ಗೆದ್ದಲು ಏರಿದ ಗೆರೆ ಕಣ್ಣಿಗೆ ಬೀಳುತ್ತದೆ.

ಮಾಡನ್ನು ಪೂರ್ತಿ ಬಿಚ್ಚಲೇಬೇಕಾದ ಸ್ಥಿತಿಯಿದ್ದರೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದ ಉದಾಹರಣೆ ನೋಡಬಹುದು. ವಿಜಯನಾಥ ಶೆಣೈ ಅವರು ಕರ್ನಾಟಕದ ನಾನಾ ಕಡೆಯಿಂದ ಕೆಡವಲಿದ್ದ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದರು. ಕುಕನೂರಿನ ಕಮಲ ಮಹಲು, ಮುಧೋಳ ಅರಮನೆಯ ದರ್ಬಾರ್ ಹಾಲು ಹೀಗೆ ಉಳಿದವು. ಬಿಚ್ಚುವ ಮುನ್ನ ಪ್ರತಿ ತೊಲೆ, ಕಂಬ, ಬೋದಿಗೆ, ಬಾಗಿಲುವಾಡಕ್ಕೂ ಅಂಕಿ ಹಾಕಿ ನಕ್ಷೆಯಲ್ಲಿ ಗುರುತಿಸುವುದು ಇಂಥ ಕೆಲಸದ ಜೀವಾಳ. ಕೊಟ್ಟಿಗೆಗೂ ಇಷ್ಟೇ ಶಿಸ್ತು ಬೇಕು, ಸುಣ್ಣದ ಬಣ್ಣ ಮತ್ತು ಮೊಬೈಲಿನ ಫೋಟೊ ಸಾಕು. ಕುಪ್ಪಳಿಯಲ್ಲಿ ಕುವೆಂಪು ಅವರ ಪೂರ್ವಜರ ಮನೆ ಇಂದು ಜನ ಬಂದು ನೋಡುವ ಕವಿಮನೆಯಾಗಿದೆ. ಒಂದು ಒಕ್ಕಲು ಮನೆಯ ಅಡುಗೆಕೋಣೆ, ಕಣಜ, ಬೇಸಾಯದ ಹತಾರಗಳೂ ನೋಡತಕ್ಕವು ಎಂಬ ನಂಬಿಕೆ ಅದರಿಂದ ಕನ್ನಡ ನಾಡಿನಲ್ಲಿ ಗಟ್ಟಿಯಾಯಿತು.

ಎಷ್ಟು ಬದಲಿಸಬೇಕು ಎಂಬ ವಾದ ಹಳೆಯದು. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿದಾಗ ಅವರ ನಿಲುವು ಸ್ಪಷ್ಟವಿತ್ತು: ಹಳೆಯದನ್ನು ಹೊಸದಾಗಿ ಕಾಣುವಂತೆ ತಿದ್ದುವುದು ಬೇಡ, ಬೀಳದಂತೆ ದುರಸ್ತಿ ಮಾಡುವುದು ಸಾಕು. ಅವರು ಬಹಳ ಮೆಚ್ಚಿಕೊಂಡಿದ್ದ ಗ್ರೇಟ್ ಕಾಕ್ಸ್‌ವೆಲ್ ಊರಿನ ಕಲ್ಲಿನ ಕಣಜ 13ನೆಯ ಶತಮಾನದ್ದು. 1956ರಿಂದ ನ್ಯಾಶನಲ್ ಟ್ರಸ್ಟ್ ವಶದಲ್ಲಿದ್ದು ಇಂದಿಗೂ ಮರದ ಹಳೆಯ ಚೌಕಟ್ಟಿನೊಡನೆ ನಿಂತಿದೆ. ಗಡಹಿಂಗ್ಲಜದ ಕೊಟ್ಟಿಗೆಗೂ ಈ ನಿಲುವೇ ಸಲ್ಲುತ್ತದೆ. ಗೋದಲಿಯನ್ನು ಒಡೆದು ಹಾಕುವ ಬದಲು ಮೇಲೆ ಹಲಗೆ ಹಾಸಿದರೆ ಗೋಡೆಗುಂಟ ಕೂರುವ ಕಟ್ಟೆಯಾಗುತ್ತದೆ. ಗಾಳಿಗಿಂಡಿಗಳಿಗೆ ಜಾಳಿಗೆ ಹಾಕಿದರೆ ಕಿಟಕಿ.

ಹೊಸ ಬಳಕೆಯ ಭಾರ

ಅಟ್ಟವನ್ನು ಕಂಡೊಡನೆ ಅಲ್ಲಿ ಪುಸ್ತಕ ಇಡುವ ಆಸೆ ಹುಟ್ಟುತ್ತದೆ. ಇದು ಅಪಾಯ. ಕಣಿಕೆ ಹಗುರ, ಪುಸ್ತಕ ಕಲ್ಲಿನಷ್ಟು ಭಾರ. ಭಾರತೀಯ ಮಾನಕ 875ರ ಲೆಕ್ಕದಲ್ಲಿ ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಹೊರುವಂತಿದ್ದರೆ ಸಾಕು. ಜನ ಗುಂಪಾಗಿ ಸೇರುವ ಸಭಾಂಗಣಕ್ಕೆ 500, ಪುಸ್ತಕದ ರ್‍ಯಾಕುಗಳ ಕೋಣೆಗೆ 600 ಕಿಲೋದಷ್ಟು ಬೇಕು. ಆದ್ದರಿಂದ ಕಪಾಟುಗಳು ಕೆಳಗಿನ ನೆಲದ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇರಲಿ. ಅಟ್ಟದಲ್ಲಿ ಹಳೆಯ ಕೂರಿಗೆ, ನೊಗಗಳನ್ನು ಇಟ್ಟು ಕೆಳಗಿನಿಂದ ಕಾಣುವಂತೆ ಮಾಡಿದರೆ ಸಾಕು.

ಹಗೇವು ಇದ್ದರೆ ಅದರ ಬಾಯಿಯನ್ನು ತೆರೆಯುವಾಗ ಎಚ್ಚರ ಬೇಕು. ಮುಚ್ಚಿದ ಹಗೇವಿನಲ್ಲಿ ಧಾನ್ಯ ಉಸಿರಾಡಿ ಅಂಗಾರಾಮ್ಲ ಅನಿಲ ಕಟ್ಟುತ್ತದೆ. ಗಾಳಿಗಿಂತ ಭಾರವಾದ ಅದು ತಳದಲ್ಲೇ ನಿಲ್ಲುತ್ತದೆ. ಇಳಿದವನು ಕುಸಿದು, ಎತ್ತಲು ಹೋದವನೂ ಸತ್ತ ಉದಾಹರಣೆಗಳು ಉತ್ತರ ಕರ್ನಾಟಕದಲ್ಲೂ ಗಡಿಯಾಚೆಗೂ ಉಂಟು. ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ಫ್ಯಾನಿನಿಂದ ಗಾಳಿಯಾಡಿಸಿ, ದೀಪ ಇಳಿಬಿಟ್ಟು ಅದು ಉರಿಯುತ್ತಿದೆಯೇ ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿದ ಮೇಲಷ್ಟೇ ಒಬ್ಬರು ಇಳಿಯಬೇಕು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಬಳಸುವ ಉದ್ದೇಶವಿಲ್ಲದಿದ್ದರೆ ಗಟ್ಟಿ ಗಾಜು ಇಲ್ಲವೇ ಕಬ್ಬಿಣದ ಜಾಲರಿ ಹಾಕಿ ಮಕ್ಕಳು ನೋಡುವಂತೆ ಬಿಡಬಹುದು.

ಆಲೆಮನೆಯ ಸಮಸ್ಯೆ ಬೇರೆ. ಅದು ನಾಲ್ಕೂ ಕಡೆ ತೆರೆದ, ಎತ್ತರದ ಮಾಡಿನ ಚಪ್ಪರ. ಕಬ್ಬಿನ ಸಿಪ್ಪೆ ಉರಿದ ಹೊಗೆಯಿಂದ ಮರ ಕಪ್ಪಾಗಿರುತ್ತದೆ, ಆದರೆ ಹೊಗೆ ಹಿಡಿದ ಮರಕ್ಕೆ ಹುಳು ಬೀಳುವುದು ಕಡಿಮೆ. ಒಲೆಯ ಗುಂಡಿ ಮತ್ತು ಚಿಮಣಿ ಬಿಸಿ ತಿಂದು ಸಡಿಲಗೊಂಡಿರುತ್ತವೆ. ಚಿಮಣಿಯನ್ನು ಮೊದಲು ಭದ್ರಪಡಿಸಬೇಕು, ಇಲ್ಲವೇ ಇಳಿಸಬೇಕು. ವಾರದ ಸಂತೆ, ಮದುವೆಯ ಅಡುಗೆ, ಬಯಲಾಟದ ತಾಲೀಮು, ರೈತರ ತರಬೇತಿಗೆ ಈ ತೆರೆದ ಮಾಡು ಹೇಳಿ ಮಾಡಿಸಿದಂತಿದೆ. ಗೋಡೆ ಎಬ್ಬಿಸಿ ಕೋಣೆಗಳಾಗಿ ಒಡೆದರೆ ಅದರ ಗುಣವೇ ಹೋಗುತ್ತದೆ.

ಇಚಲಕರಂಜಿಯಲ್ಲಿ ಇದೇ ಪ್ರಶ್ನೆಯ ನಗರದ ರೂಪವಿದೆ. 1904ರಲ್ಲಿ ಮೊದಲ ವಿದ್ಯುನ್ಮಗ್ಗ ಬಂದ ಆ ಊರಲ್ಲಿ ಮನೆಗೆ ಅಂಟಿಕೊಂಡೇ ಮಗ್ಗದ ಶೆಡ್ಡುಗಳು ಬೆಳೆದವು. ಹಳೆಯ ಶೆಡ್ಡನ್ನು ಸಭಾಂಗಣ ಮಾಡುವಾಗ ಗೋಡೆಗಳು ಮಗ್ಗದ ನಿತ್ಯದ ಅದುರಿಗೆ ಬಿಟ್ಟ ಬಿರುಕು, ನೆಲಕ್ಕೆ ಇಂಗಿದ ಎಣ್ಣೆ, ಜಂತಿಗಳ ಮೇಲೆ ಕೂತ ಹತ್ತಿಯ ಧೂಳು ಇವನ್ನು ಮೊದಲು ನೋಡಬೇಕು. ಹತ್ತಿಯ ಧೂಳಿಗೆ ಒಂದು ಕಿಡಿ ಸಾಕು. ಮರದ ಮಾಡಿನ ಸಾರ್ವಜನಿಕ ಕಟ್ಟಡಕ್ಕೆ ಬೆಂಕಿ ಏನು ಮಾಡುತ್ತದೆ ಎಂಬುದನ್ನು ಕೊಲ್ಹಾಪುರ 2024ರ ಆಗಸ್ಟ್ 8ರ ರಾತ್ರಿ ಕಂಡಿತು: ಶಾಹು ಮಹಾರಾಜರು ಕಟ್ಟಿಸಿದ್ದ, ರಂಗನಟ ಕೇಶವರಾವ ಭೋಸಲೆಯವರ ಹೆಸರಿನ ನಾಟ್ಯಗೃಹ ಭೋಸಲೆಯವರ ಜಯಂತಿಯ ಹಿಂದಿನ ದಿನವೇ ಸುಟ್ಟುಹೋಯಿತು. ಕೊಟ್ಟಿಗೆಯಲ್ಲಿ ತಂತಿಗಳು ಕಬ್ಬಿಣದ ಕೊಳವೆಯೊಳಗೆ ಹೋಗಬೇಕು, ಸೋರುವಿಕೆ ಕಂಡೊಡನೆ ವಿದ್ಯುತ್ತು ಕಡಿಯುವ ಸ್ವಿಚ್ಚು ಇರಬೇಕು, ಹೊರಕ್ಕೆ ತೆರೆಯುವ ಎರಡನೆಯ ಬಾಗಿಲು ಬೇಕು. ಗಾಲಿಕುರ್ಚಿಗಾಗಿ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಶೌಚಾಲಯವನ್ನು ಹಳೆಯ ಗೋಡೆಗೆ ಅಂಟಿಸದೆ ಪ್ರತ್ಯೇಕವಾಗಿ ಕಟ್ಟಿದರೆ ಗೋಡೆಗೆ ಹೊಸ ತೇವ ಬರುವುದಿಲ್ಲ.

ಮಹಾಪೂರದ ಗೆರೆಯೂ ಲೆಕ್ಕಕ್ಕೆ ಬರಬೇಕು. ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ ಪಂಚಗಂಗೆಯ ಅಪಾಯದ ಮಟ್ಟ 43 ಅಡಿ. 2019 ಮತ್ತು 2021ರಲ್ಲಿ ನೀರು 55 ಅಡಿಯನ್ನೂ ದಾಟಿತು. ಹಿರಣ್ಯಕೇಶಿಯ ನೀರು ಏರಿದಾಗ ಗಡಹಿಂಗ್ಲಜದ ದಡದ ಊರುಗಳಿಗೂ ಇದೇ ಆತಂಕ. ದಿನಗಟ್ಟಲೆ ನೀರಲ್ಲಿ ನಿಂತ ಮಣ್ಣಿನ ಗೋಡೆ ನೀರಿಳಿದ ಮೇಲೆ ಕುಸಿಯುತ್ತದೆ. ಇಂಥ ಊರಿನಲ್ಲಿ ಹಿಂದಿನ ಪೂರದ ಗೆರೆಗಿಂತ ಮೇಲಿರುವ ಕಟ್ಟಡವನ್ನೇ ಆರಿಸಬೇಕು. ಆಗ ಅದು ಆಪತ್ತಿನ ಕಾಲದಲ್ಲಿ ಜನರಿಗೂ ದನಗಳಿಗೂ ಆಶ್ರಯವಾಗುತ್ತದೆ; ದನ ಕಟ್ಟುವ ಗೋಡೆಯ ಕೊಂಡಿಗಳನ್ನು ಕೀಳದೆ ಉಳಿಸಲು ಇದೂ ಒಂದು ಕಾರಣ.

ನಿತ್ಯದ ನಿರ್ವಹಣೆ ಊರಿನ ಪಂಚಾಂಗದೊಡನೆ ಹೊಂದುತ್ತದೆ. ಮೇ ಕೊನೆಯೊಳಗೆ ಹೆಂಚು ತಿರುವಿ, ಕಾಲುವೆ ಬಿಡಿಸಬೇಕು. ಮೊದಲ ದೊಡ್ಡ ಮಳೆಗೆ ಯಾರಾದರೂ ಒಳಗೆ ನಿಂತು ಸೋರುವ ಜಾಗಗಳನ್ನು ಗುರುತು ಹಾಕಬೇಕು. ದಸರೆಗೆ ಮುನ್ನ ಕಂಬದ ಬುಡದಲ್ಲಿ ಗೆದ್ದಲು ನೋಡಬೇಕು, ದೀಪಾವಳಿಗೆ ಗೋಡೆಗೆ ಸುಣ್ಣ. ಇದಕ್ಕೆ ತಗಲುವ ಹಣ ದೊಡ್ಡದಲ್ಲ, ಆದರೆ ಪ್ರತಿ ವರ್ಷ ಬೇಕು. ಮದುವೆ ಸಮಾರಂಭಗಳ ಬಾಡಿಗೆಯ ಒಂದು ಪಾಲನ್ನು ಬೇರೆ ಖಾತೆಯಲ್ಲಿಟ್ಟರೆ ಆ ಖರ್ಚು ನೀಗುತ್ತದೆ. ಬೀಗದ ಕೈ ಇಬ್ಬರ ಬಳಿ ಇರಲಿ, ಒಬ್ಬರು ಪಕ್ಕದ ಮನೆಯವರೇ ಆಗಿರಲಿ. ಬಳಕೆಯ ವೇಳಾಪಟ್ಟಿ, ಜಮಾಖರ್ಚು ಎರಡನ್ನೂ ಕನ್ನಡ ಮರಾಠಿ ಎರಡರಲ್ಲೂ ಬಾಗಿಲ ಪಕ್ಕ ಹಚ್ಚಿದರೆ ಕಟ್ಟಡ ಯಾವ ಒಂದು ಗುಂಪಿನ ಕೈಗೂ ಸೇರುವುದಿಲ್ಲ.